ಅಮ್ಮನ ಜೊತೆ ಆಫ್ರಿಕಾ ಸಫಾರಿ: ವಯಸ್ಸಾದವರನ್ನು ಕರೆದೊಯ್ಯುವ ಮೊದಲು ಮಾಡಿಕೊಳ್ಳಬೇಕಾದ ತಯಾರಿ

ಕೀನ್ಯಾದ ಮಸಾಯ್ ಮಾರಾ ಕಾಡಿನಲ್ಲಿ ನಮ್ಮ ಎರಡನೇ ಬೆಳಿಗ್ಗೆ. ಆರು ಗಂಟೆಗೆ ಹೊರಟವರು ಒಂಬತ್ತೂವರೆಯಾದರೂ ಹುಲ್ಲುಗಾವಲಿನಲ್ಲೇ ಇದ್ದೆವು. ಮೂರು ಹೆಣ್ಣು ಸಿಂಹಗಳು ಮರಿಗಳ ಜೊತೆ ಬಿಸಿಲು ಕಾಯಿಸುತ್ತಿದ್ದುದನ್ನು ನೋಡಿಯಾಗಿತ್ತು. ಆ ಖುಷಿಯಲ್ಲಿ ತಿರುಗಿ ನೋಡಿದರೆ ಅಮ್ಮ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದರು. ತಲೆ ಸುತ್ತುತ್ತಿದೆ ಅಂದರು. ಪಕ್ಕದಲ್ಲಿದ್ದ ನೀರಿನ ಬಾಟಲಿಯ ಮುಚ್ಚಳವನ್ನೂ ತೆಗೆದಿರಲಿಲ್ಲ. ಯಾಕಮ್ಮಾ ಎಂದು ಕೇಳಿದರೆ, "ನೀರು ಕುಡಿದ್ರೆ ಮಧ್ಯದಲ್ಲಿ ಎಲ್ಲಿಗೆ ಹೋಗ್ಲಿ? ನಿಮಗೆಲ್ಲ ತೊಂದ್ರೆ" ಎಂದರು.

ಆರು ತಿಂಗಳು ನಾನು ಯಾವ ತಿಂಗಳಲ್ಲಿ ಯಾವ ಪ್ರಾಣಿ ಎಲ್ಲಿರುತ್ತದೆ, ಯಾವ ಲೆನ್ಸ್ ಬೇಕು ಎಂದೆಲ್ಲ ಓದಿದ್ದೆ. 74 ವರ್ಷದ, ಬಿಪಿ, ಸಕ್ಕರೆ ಕಾಯಿಲೆ, ಮಂಡಿ ನೋವು ಇರುವ ಹೆಂಗಸು ಎರಡು ಗಂಟೆಗೊಮ್ಮೆ ಎಲ್ಲಿ ಇಳಿಯಬೇಕು ಎಂಬುದನ್ನು ಒಂದು ಸಲವೂ ಯೋಚಿಸಿರಲಿಲ್ಲ. ಆ ದಿನದಿಂದ ಎಲ್ಲವನ್ನೂ ಬದಲಿಸಿದೆವು, ಮುಂದಿನ ದಿನಗಳು ಚೆನ್ನಾಗಿ ನಡೆದವು. ಆದರೆ ಮನೆಯಲ್ಲೇ ಯೋಚಿಸಬಹುದಾಗಿದ್ದನ್ನು ಅಮ್ಮನ ದೇಹಕ್ಕೆ ಕಷ್ಟ ಕೊಟ್ಟು ಕಲಿತೆ. ನೀವು ಹಾಗೆ ಕಲಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನೀರು, ಬಾತ್‌ರೂಮು, ಬೆನ್ನು, ನಿದ್ದೆ: ಈ ನಾಲ್ಕನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಯಾವ ಕಾಡು, ಯಾವ ಪ್ರಾಣಿ ಎಂಬುದು ಆಮೇಲೆ.

1. ಏನು ನೋಡಬೇಕೆಂದು ಅವರನ್ನೇ ಕೇಳಿ

ನಾವು ಕೇಳುವುದೇ ಇಲ್ಲ. ಎಲ್ಲರಿಗೂ ಸಿಂಹ, ಎಲ್ಲರಿಗೂ ವೈಲ್ಡ್‌ಬೀಸ್ಟ್ ಎಂಬ ದನದಂಥ ಹುಲ್ಲೆಗಳ ವಲಸೆ ಎಂದು ಅಂದುಕೊಂಡುಬಿಡುತ್ತೇವೆ. ನಮ್ಮಮ್ಮನಿಗೆ ನೋಡಬೇಕಿದ್ದುದು ಜಿರಾಫೆ ನೀರು ಕುಡಿಯುವುದನ್ನು. ಅಷ್ಟುದ್ದ ಕತ್ತಿದ್ದೂ ಕಾಲು ಉದ್ದವಿರುವುದರಿಂದ ಅದಕ್ಕೆ ನೆಲ ಎಟುಕುವುದಿಲ್ಲ, ಮುಂಗಾಲುಗಳನ್ನು ಅಗಲಿಸಿ ಬಗ್ಗಬೇಕು ಎಂದು ಯಾವಾಗಲೋ ಟೀವಿಯಲ್ಲಿ ನೋಡಿದ್ದರಂತೆ. ಇನ್ನೊಂದು ಆಸೆ, ಹೆಣ್ಣಾನೆಗೂ ದಂತವಿರುವುದನ್ನು ನೋಡುವುದು. ನಮ್ಮ ಕಡೆ ಹೆಣ್ಣಾನೆಗೆ ಹೊರಗೆ ಕಾಣುವ ದಂತವಿರುವುದಿಲ್ಲ, ಆಫ್ರಿಕಾದ ಆನೆಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡಕ್ಕೂ ಇರುತ್ತದೆ.

ಅವರ ಆಸೆ ತಿಳಿದರೆ ಜಾಗ ಆರಿಸುವುದು ಸುಲಭ. ಆನೆ ಎಂದರೆ ಕೀನ್ಯಾದ ಅಂಬೋಸೆಲಿ. ನೆಲ ಸಮತಟ್ಟು, ಜೌಗಿನಲ್ಲಿ ಆನೆ ಹಿಂಡುಗಳು, ಬೆಳಗಿನ ಹೊತ್ತು ಮೋಡ ಕವಿಯದಿದ್ದರೆ ಎದುರಿಗೆ 5,895 ಮೀಟರ್ ಎತ್ತರದ ಕಿಲಿಮಂಜಾರೋ. ಸಿಂಹ, ಚಿರತೆ ಎಂದರೆ ಮಾರಾ. ಹಕ್ಕಿ, ನೀರು, ದೋಣಿ ಎಂದರೆ ನೈವಾಷಾ ಸರೋವರ. ಒಂದೇ ಬಟ್ಟಲಿನಲ್ಲಿ ಬಹುತೇಕ ಎಲ್ಲವೂ ಬೇಕೆಂದರೆ ತಾಂಜಾನಿಯಾದ ಎನ್ಗೊರೊಂಗೊರೊ ಎಂಬ ಹಳೆಯ ಜ್ವಾಲಾಮುಖಿಯ ಕುಳಿ. ಹೆಚ್ಚು ಓಡಾಡಲಾಗದ ಹಿರಿಯರಿಗೆ ಒಂದೇ ಒಂದು ಕಾಡು ಎಂದಾದರೆ ನಾನು ಅಂಬೋಸೆಲಿ ಎನ್ನುತ್ತೇನೆ. ಧೂಳೊಂದೇ ಅಲ್ಲಿನ ಕಷ್ಟ. ಅಸ್ತಮಾ ಇದ್ದರೆ ಮಾಸ್ಕು, ಇನ್‌ಹೇಲರ್ ಕೈಗೆ ಸಿಗುವಂತಿರಬೇಕು.

2. ಮೊದಲು ನಮ್ಮ ಕಾಡಿನಲ್ಲಿ ಒಂದು ತಾಲೀಮು

ಟಿಕೆಟ್ ತೆಗೆಯುವ ಮೊದಲು ಕಬಿನಿಗೋ ಭದ್ರಾಕ್ಕೋ ಎರಡು ರಾತ್ರಿಗೆ ಹೋಗಿಬನ್ನಿ. ಬೆಳಿಗ್ಗೆ ಒಂದು, ಸಂಜೆ ಒಂದು ಸಫಾರಿಗೆ ಜೀಪಿನಲ್ಲಿ ಕೂರಿಸಿ, ಗಮನವಿಟ್ಟು ನೋಡಿ. ಜೀಪು ಹತ್ತಲು ಎಷ್ಟು ಹೊತ್ತು ಬೇಕಾಯಿತು? ಎಷ್ಟು ಹೊತ್ತಿನ ನಂತರ ಸೊಂಟ ಹಿಡಿದುಕೊಂಡರು? ಮರುದಿನ ಬೆಳಿಗ್ಗೆ ಮತ್ತೆ ಏಳಲು ಮನಸ್ಸಿತ್ತೇ? ಸಂಜೆ ಊಟ ಸೇರಿತೇ? ಕೀನ್ಯಾದ ಮಣ್ಣು ರಸ್ತೆಯ ಕುಲುಕಾಟ ಇದಕ್ಕಿಂತ ಹೆಚ್ಚೇ ಇರುತ್ತದೆ. ಇಲ್ಲಿ ಒಂದು ಸಫಾರಿ ಆದ ಮೇಲೆ ಪೂರ್ತಿ ದಿನ ಮಲಗಿದರೆ, ಅಲ್ಲಿ ದಿನಕ್ಕೆ ಒಂದೇ ಸಲ ಹೊರಡುವ ಯೋಜನೆ ಹಾಕಬೇಕು. ಹೋಗಲೇಬಾರದು ಎಂದಲ್ಲ, ಲೆಕ್ಕ ಬದಲಾಗುತ್ತದೆ ಅಷ್ಟೇ.

3. ವೈದ್ಯರ ಬಳಿ ಎರಡು ತಿಂಗಳು ಮೊದಲೇ

ಇದು ಅವಸರದಲ್ಲಿ ಮುಗಿಸುವ ಕೆಲಸವಲ್ಲ. ಮೊದಲನೆಯದು ಹಳದಿ ಜ್ವರದ ಲಸಿಕೆ, ಅಂದರೆ ಯೆಲ್ಲೋ ಫೀವರ್. ಈ ಪ್ರಮಾಣಪತ್ರವನ್ನು ಕೀನ್ಯಾ ಕೇಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಟ್ಟುನಿಟ್ಟಾಗಿ ಕೇಳುವುದು ವಾಪಸ್ ಬರುವಾಗ ನಮ್ಮದೇ ದೇಶ. ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿ ಕೀನ್ಯಾ ಇದೆ. ಅಲ್ಲಿಂದ ಪತ್ರವಿಲ್ಲದೆ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ನಿಯಮದಲ್ಲಿ ಅವಕಾಶವಿದೆ. ಲಸಿಕೆ ಹಾಕಿಸಿದ 10 ದಿನಗಳ ನಂತರ ಪತ್ರ ಜಾರಿಗೆ ಬರುತ್ತದೆ. 2016ರಿಂದ ಅದು ಜೀವನಪೂರ್ತಿ ಮಾನ್ಯ, ಹಳೆಯ ಪತ್ರವಿದ್ದರೆ ಎಸೆಯಬೇಡಿ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಅಲ್ಲಿ ವಾರದ ನಿಗದಿತ ದಿನ, ಮುಂಗಡ ನೋಂದಣಿ ಇರುವುದರಿಂದ ಕೊನೆಯ ವಾರಕ್ಕೆ ಬಿಟ್ಟುಕೊಳ್ಳಬಾರದು.

ಹಿರಿಯರ ವಿಷಯದಲ್ಲಿ ಇನ್ನೊಂದು ಮಾತಿದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ಜೀವಂತ ವೈರಾಣುವನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ದಾಟಿದವರು ಮೊದಲ ಸಲ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮ ಆಗುವ ಸಾಧ್ಯತೆ ಅಪರೂಪವೇ ಆದರೂ ಚಿಕ್ಕವರಿಗಿಂತ ಹೆಚ್ಚು. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್, ದಿನವೂ ಸ್ಟಿರಾಯ್ಡ್, ಕ್ಯಾನ್ಸರ್ ಚಿಕಿತ್ಸೆ, ಥೈಮಸ್ ಗ್ರಂಥಿಯ ತೊಂದರೆ, ಮೊಟ್ಟೆಯ ತೀವ್ರ ಅಲರ್ಜಿ, ಇವುಗಳಲ್ಲಿ ಯಾವುದಿದ್ದರೂ ಮೊದಲು ಹೇಳಬೇಕು. ಅವರನ್ನು ವರ್ಷಗಳಿಂದ ನೋಡುತ್ತಿರುವ ವೈದ್ಯರು ಬೇಡ ಎಂದರೆ ಆ ಮಾತಿಗೆ ಬೆಲೆ ಕೊಡಿ. ವಿನಾಯಿತಿ ಪತ್ರ ಪಡೆಯಬಹುದು, ಆದರೆ ವಿಮಾನ ನಿಲ್ದಾಣದಲ್ಲಿ ಅದರಿಂದ ಎಲ್ಲವೂ ಸರಾಗವಾಗುತ್ತದೆ ಎಂದು ನಂಬಿ ಹೊರಡಬೇಡಿ. ಅಂಥ ಸಂದರ್ಭದಲ್ಲಿ ನಿಯಮವನ್ನು ಮೊದಲೇ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಹಾಗೂ ಆಗದಿದ್ದರೆ ಈ ಪ್ರವಾಸ ಬೇಡ.

ಎರಡನೆಯದು ಮಲೇರಿಯಾ. ನೈರೋಬಿ ಎತ್ತರದಲ್ಲಿರುವುದರಿಂದ ನಗರದೊಳಗೆ ಭಯ ಕಡಿಮೆ. ಮಾರಾ, ಅಂಬೋಸೆಲಿ, ಸೆರೆಂಗೆಟಿ ಕಡೆ ಹೋಗುವವರಿಗೆ ತಡೆ ಮಾತ್ರೆ ಬೇಕು. ಯಾವ ಮಾತ್ರೆ ಎಂದು ವೈದ್ಯರೇ ಹೇಳಬೇಕು, ಏಕೆಂದರೆ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ಬಲಹೀನವಾಗಿರುವವರಿಗೆ, ಹೃದಯದ ಬಡಿತದಲ್ಲಿ ಏರುಪೇರಿರುವವರಿಗೆ ಎಲ್ಲ ಮಾತ್ರೆಯೂ ಒಗ್ಗುವುದಿಲ್ಲ.

ಮೂರನೆಯದನ್ನು ಬಹುಪಾಲು ಜನ ಕೇಳುವುದೇ ಇಲ್ಲ: ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ. ಬೆಳಿಗ್ಗೆ ಐದೂವರೆಗೆ ನುಂಗಿ ಆರಕ್ಕೆ ಜೀಪು ಹತ್ತಿದರೆ ಏನಾಗುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಸಫಾರಿ ಇರುವ ದಿನಗಳಲ್ಲಿ ಅದನ್ನು ಹಿಂತಿರುಗಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ನೀವೇ ನಿರ್ಧಾರ ಮಾಡಿ ಬಿಡಿಸಬೇಡಿ. ಕೀನ್ಯಾ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಎಲ್ಲ ಮಾತ್ರೆಗಳ ಹೊಸ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ.

ಈ ಎರಡೂವರೆ ಗಂಟೆಯಲ್ಲಿ ಒಂದು ಅನುಕೂಲವೂ ಇದೆ. ಬೆಂಗಳೂರಿನಲ್ಲಿ ಐದೂವರೆಗೆ ಏಳುವ ಅಮ್ಮ ಅಲ್ಲಿ ಮೂರಕ್ಕೇ ಎದ್ದು ಕೂರುತ್ತಿದ್ದರು. ಆರು ಗಂಟೆಯ ಸಫಾರಿ ಅವರ ದೇಹಕ್ಕೆ ಎಂಟೂವರೆ, ಸ್ನಾನ ಪೂಜೆ ಮುಗಿಸಿ ನಮಗಿಂತ ಮೊದಲೇ ಸಿದ್ಧರಿರುತ್ತಿದ್ದರು. ಕಷ್ಟವಾಗುವುದು ರಾತ್ರಿ ಎಂಟರ ಊಟ. ಕ್ಯಾಂಪಿನವರಿಗೆ ಹೇಳಿ ಏಳಕ್ಕೇ ಬಡಿಸಿಕೊಳ್ಳಿ.

4. ಯಾವಾಗ ಹೋಗಬೇಕು

ಜುಲೈನಿಂದ ಅಕ್ಟೋಬರ್‌ವರೆಗೆ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಮಾರಾ ಕಡೆ ಇರುತ್ತವೆ, ನದಿ ದಾಟುತ್ತವೆ. ಜಾಹೀರಾತುಗಳೆಲ್ಲ ಇದರದೇ. ಆದರೆ ಆ ನದಿ ದಾಟುವಿಕೆಗೆ ಯಾವ ವೇಳೆಯೂ ಇಲ್ಲ. ದಡದಲ್ಲಿ ಬಂದು ನಿಂತ ಹಿಂಡು ಮೂರು ಗಂಟೆ ಯೋಚಿಸಿ ವಾಪಸ್ ಹೋಗಬಹುದು. ಅಷ್ಟು ಹೊತ್ತು ಹತ್ತಾರು ವಾಹನಗಳ ನಡುವೆ, ಬಿಸಿಲಲ್ಲಿ, ಇಳಿಯಲಾಗದೆ ಕೂತಿರಬೇಕು. ಹಿರಿಯರನ್ನು ಕರೆದೊಯ್ಯುವಾಗ ಪ್ರವಾಸವನ್ನೆಲ್ಲ ಈ ಒಂದು ದೃಶ್ಯದ ಮೇಲೆ ಕಟ್ಟಬೇಡಿ. ಸಿಕ್ಕರೆ ಸಿಗಲಿ. ಹಣದ ಲೆಕ್ಕವೂ ಇದೆ: 2024ರಿಂದ ಮಾರಾ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್.

ನನ್ನ ಮೆಚ್ಚುಗೆ ಜನವರಿ, ಫೆಬ್ರುವರಿಗೆ. ಮಳೆ ಕಡಿಮೆ, ಜನ ಕಡಿಮೆ, ಬೆಳಗಿನ ಚಳಿಯೂ ಜುಲೈ ಆಗಸ್ಟಿನಷ್ಟಿರುವುದಿಲ್ಲ. ಮಾರಾದಲ್ಲಿ ಸಿಂಹ, ಆನೆ, ಜಿರಾಫೆಗಳು ವರ್ಷವಿಡೀ ಇರುತ್ತವೆ. ಏಪ್ರಿಲ್, ಮೇ ಬಿಟ್ಟುಬಿಡಿ. ದೊಡ್ಡ ಮಳೆಯ ಕಾಲವದು. ಕಪ್ಪು ಮಣ್ಣಿನಲ್ಲಿ ಗಾಡಿ ಹೂತರೆ ಎಲ್ಲರೂ ಇಳಿಯಬೇಕಾಗುತ್ತದೆ.

5. ದಾರಿ: ಕಡಿಮೆ ಜಾಗ, ಹೆಚ್ಚು ರಾತ್ರಿ

ಏಜೆನ್ಸಿಗಳು ಕಳಿಸುವ ಏಳು ದಿನದ ಪಟ್ಟಿಯಲ್ಲಿ ನಾಲ್ಕೈದು ಕಾಡುಗಳಿರುತ್ತವೆ. ಅದರ ಅರ್ಧಭಾಗ ಗಾಡಿಯಲ್ಲೇ ಹೋಗುತ್ತದೆ. ಹಿರಿಯರಿದ್ದರೆ ಒಂದು ಜಾಗದಲ್ಲಿ ಕನಿಷ್ಠ ಎರಡು ರಾತ್ರಿ, ಮುಖ್ಯ ಕಾಡಿನಲ್ಲಿ ಮೂರು ರಾತ್ರಿ. ಪೆಟ್ಟಿಗೆ ಬಿಚ್ಚಿ ಕಟ್ಟುವುದೇ ಅವರಿಗೆ ದೊಡ್ಡ ಆಯಾಸ.

ಮತ್ತೆ ಹೋಗುವುದಾದರೆ ನಾನು ಹಾಕಿಕೊಳ್ಳುವ ದಾರಿ ಹೀಗೆ. ನೈರೋಬಿಯಲ್ಲಿ ಎರಡು ರಾತ್ರಿ. ಮೊದಲ ದಿನ ಏನೂ ಇಲ್ಲ, ನಿದ್ದೆ. ಎರಡನೇ ದಿನ ಶೆಲ್ಡ್ರಿಕ್ ಅನಾಥ ಆನೆಮರಿಗಳ ಆಶ್ರಯಧಾಮ. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ ಜನರಿಗೆ ಪ್ರವೇಶ, ಮುಂಗಡ ನೋಂದಣಿ ಬೇಕು. ಆಮೇಲೆ ಜಿರಾಫೆ ಸೆಂಟರ್. ಅಲ್ಲಿ ಎತ್ತರದ ಅಟ್ಟದ ಮೇಲೆ ನಿಂತರೆ ಜಿರಾಫೆಯ ಮುಖ ನಿಮ್ಮ ಮುಖದ ಮಟ್ಟಕ್ಕೇ ಬರುತ್ತದೆ. ಅಮ್ಮ ಕೈಯಾರೆ ತಿನ್ನಿಸಿದರು, ಅದರ ರೆಪ್ಪೆಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

ಮೂರನೇ ದಿನ ನೈವಾಷಾ. ನೈರೋಬಿಯಿಂದ ಸುಮಾರು 90 ಕಿಲೋಮೀಟರ್, ಡಾಂಬರು ರಸ್ತೆ, ಎರಡು ಗಂಟೆ. ಅಲ್ಲಿ ಎರಡು ರಾತ್ರಿ. ಒಂದು ಗಂಟೆಯ ದೋಣಿ ಸವಾರಿಯಲ್ಲಿ ನೀರಾನೆ, ಮೀನುಗಿಡುಗ ಕಾಣುತ್ತವೆ. ಸರೋವರದ ದಡದ ಕೆಲವು ಲಾಡ್ಜ್‌ಗಳ ಹುಲ್ಲುಹಾಸಿಗೆ ಜಿರಾಫೆ, ಜಿಂಕೆಗಳು ತಾವಾಗಿ ಬರುತ್ತವೆ, ಕುರ್ಚಿಯಲ್ಲಿ ಕೂತೇ ನೋಡಬಹುದು. ದಡ ಕೆಸರಾಗಿರುತ್ತದೆ, ದೋಣಿ ಹತ್ತುವ ಜಾಗದಲ್ಲಿ ಕೈ ಹಿಡಿಯಿರಿ.

ಅಲ್ಲಿಂದ ನಾರೋಕ್ ಊರಿನ ಮೇಲೆ ಹಾದು ಮಾರಾಕ್ಕೆ ನಾಲ್ಕೈದು ಗಂಟೆ. ಮಾರಾದಲ್ಲಿ ಮೂರು ರಾತ್ರಿ. ವಾಪಸ್ ಬರುವಾಗ ಮಾತ್ರ ರಸ್ತೆ ಬೇಡ, ಮಾರಾದ ಮಣ್ಣಿನ ರನ್‌ವೇಯಿಂದ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣಕ್ಕೆ ಚಿಕ್ಕ ವಿಮಾನ ಹಿಡಿಯಿರಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅಷ್ಟೇ. ದುಬಾರಿ ನಿಜ. ಆದರೆ ಇಡೀ ಪ್ರವಾಸದಲ್ಲಿ ಕೈ ಬಿಗಿ ಮಾಡದೆ ಖರ್ಚು ಮಾಡಬೇಕಾದ್ದು ಎರಡೇ ಕಡೆ, ಈ ವಿಮಾನ ಮತ್ತು ಮುಂದೆ ಹೇಳುವ ಸ್ವಂತ ಗಾಡಿ. ಚಿಕ್ಕ ವಿಮಾನದಲ್ಲಿ ಕೈಚೀಲವೂ ಸೇರಿ ತಲಾ 15 ಕಿಲೋ ಸಾಮಾನು, ಅದೂ ಗಟ್ಟಿ ಸೂಟ್‌ಕೇಸಲ್ಲ, ಮೆತ್ತನೆಯ ಚೀಲ. ಹತ್ತುವ ಮೆಟ್ಟಿಲು ಕಿರಿದು, ನೆರವು ಬೇಕೆಂದು ಮೊದಲೇ ತಿಳಿಸಿ.

ತಾಂಜಾನಿಯಾ ಆರಿಸಿಕೊಂಡವರಿಗೆ ಒಂದು ಮಾತು. ಅರುಷಾ ನಗರದಿಂದ ಎನ್ಗೊರೊಂಗೊರೊ ಹೆಬ್ಬಾಗಿಲವರೆಗೆ ಡಾಂಬರು ಇದೆ, ಅಲ್ಲಿಂದ ಸೆರೆಂಗೆಟಿಗೆ ಹೋಗುವ ದಾರಿ ಸೊಂಟಕ್ಕೆ ಬಹಳ ಕೆಟ್ಟದ್ದು. ಕುಳಿಯ ಅಂಚು ಸುಮಾರು 2,300 ಮೀಟರ್ ಎತ್ತರದಲ್ಲಿದೆ, ಸಂಜೆ ಚೆನ್ನಾಗಿ ಚಳಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದರೆ ಅಂಚಿನಲ್ಲಿ ಉಳಿಯುವ ಬದಲು ಕೆಳಗೆ ಕರಾಟು ಊರಿನಲ್ಲಿ ಉಳಿದು, ಒಂದು ಬೆಳಿಗ್ಗೆ ಕುಳಿಗೆ ಇಳಿದು ಬನ್ನಿ.

6. ಗಾಡಿ ನಿಮ್ಮದೇ ಆಗಿರಲಿ

ಬೇರೆಯವರ ಜೊತೆ ಹಂಚಿಕೊಳ್ಳುವ ಗಾಡಿ ಅಗ್ಗ. ಆದರೆ "ಸ್ವಲ್ಪ ನಿಲ್ಲಿಸಿ" ಎಂದು ಅಪರಿಚಿತರ ಮುಂದೆ ಕೇಳಲು ನಮ್ಮ ಅಮ್ಮಂದಿರು ಸಂಕೋಚಪಡುತ್ತಾರೆ. ಕೇಳದೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ನಮ್ಮ ಆ ಬೆಳಿಗ್ಗೆಯೂ ಆಗಿದ್ದು ಹಾಗೇ, ಗಾಡಿಯಲ್ಲಿ ಇನ್ನೂ ಮೂವರಿದ್ದರು. ಮರುದಿನದಿಂದ ಬೇರೆ ಗಾಡಿ ಮಾಡಿಕೊಂಡೆವು.

ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಕೇಳಿ. ವ್ಯಾನು ಅಗ್ಗ, ಆದರೆ ಕುಲುಕಾಟ ಹೆಚ್ಚು. ಹಿರಿಯರಿಗೆ ಮಧ್ಯದ ಸಾಲು, ಇಲ್ಲವೇ ಡ್ರೈವರ್ ಪಕ್ಕದ ಸೀಟು. ಹಿಂದಿನ ಸಾಲು ಚಕ್ರದ ಮೇಲೇ ಇರುವುದರಿಂದ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯುತ್ತದೆ. ಹತ್ತುವ ಮೊದಲ ಮೆಟ್ಟಿಲು ಮಂಡಿಯೆತ್ತರಕ್ಕಿರುತ್ತದೆ, ಒಂದು ಚಿಕ್ಕ ಸ್ಟೂಲು ಇಡಲು ಏಜೆನ್ಸಿಗೆ ಬರೆದು ಕೇಳಿ. ಸೊಂಟಕ್ಕೊಂದು ಚಿಕ್ಕ ದಿಂಬು ಮನೆಯಿಂದಲೇ ಬರಲಿ. ಛಾವಣಿಯಿಂದ ನಿಂತು ನೋಡಲು ಅವರಿಗೆ ಆಗದಿರಬಹುದು, ಆದ್ದರಿಂದ ಕಿಟಕಿ ದೊಡ್ಡದಾಗಿ ಸರಿಯುವಂತಿರಬೇಕು, ಕಿಟಕಿ ಸೀಟು ಅವರದೇ ಆಗಿರಬೇಕು.

ಈಗ ಬಾತ್‌ರೂಮು. ನಾಚಿಕೆ ಬಿಟ್ಟು ಮೊದಲ ದಿನವೇ ಗೈಡ್ ಜೊತೆ ಮಾತಾಡಿ. ಹೆಬ್ಬಾಗಿಲುಗಳಲ್ಲಿ, ರನ್‌ವೇಗಳ ಬಳಿ, ಕ್ಯಾಂಪುಗಳಲ್ಲಿ ಶೌಚಾಲಯಗಳಿರುತ್ತವೆ. ಒಳ್ಳೆಯ ಗೈಡ್ ಒಂದೂವರೆ ಎರಡು ಗಂಟೆಗೊಮ್ಮೆ ಅವುಗಳ ಹತ್ತಿರ ಹಾಯುವಂತೆ ಸುತ್ತು ಹಾಕಬಲ್ಲ. ಬಯಲಲ್ಲೇ ಇಳಿಯಬೇಕಾದರೆ ಸುತ್ತ ನೋಡಿ ಜಾಗ ಹೇಳುವುದು ಗೈಡ್ ಕೆಲಸ, ಅವನ ಒಪ್ಪಿಗೆಯಿಲ್ಲದೆ ಯಾರೂ ಇಳಿಯಕೂಡದು. ಗಾಡಿಯ ಮರೆ, ಅಡ್ಡಕ್ಕೆ ಹಿಡಿಯಲು ಒಂದು ದೊಡ್ಡ ಶಾಲು, ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಮಡಚುವ ಕಮೋಡ್ ಸ್ಟೂಲು, ಒದ್ದೆ ಟಿಶ್ಯೂ, ಬಳಸಿದ್ದನ್ನು ಹಾಕಿಕೊಳ್ಳಲು ಒಂದು ಡಬ್ಬಿ. ದೊಡ್ಡವರ ಡೈಪರ್ ಪ್ಯಾಂಟ್ ಒಂದಷ್ಟು ಇರಲಿ. ಬಳಸದಿದ್ದರೂ, ಇದೆ ಎಂಬ ಧೈರ್ಯಕ್ಕೇ ಅವರು ನೀರು ಕುಡಿಯುತ್ತಾರೆ.

7. ಕ್ಯಾಂಪಿಗೆ ಬರೆದು ಕೇಳಬೇಕಾದ ಪ್ರಶ್ನೆಗಳು

ಫೋಟೋದಲ್ಲಿ ಎಲ್ಲ ಟೆಂಟೂ ಚೆನ್ನಾಗಿರುತ್ತವೆ. ಊಟದ ಮನೆಯಿಂದ ನಮ್ಮ ಟೆಂಟಿಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು? ಅತಿ ಹತ್ತಿರದ ಟೆಂಟ್ ಕೊಡುವಿರಾ? ಸ್ನಾನದ ಮನೆಯ ನೆಲ ಜಾರುತ್ತದೆಯೇ, ಹಿಡಿದುಕೊಳ್ಳಲು ಕಂಬಿಯಿದೆಯೇ, ಪ್ಲಾಸ್ಟಿಕ್ ಕುರ್ಚಿಯಾದರೂ ಸಿಗುತ್ತದೆಯೇ? ರಾತ್ರಿಯಿಡೀ ವಿದ್ಯುತ್ ಇರುತ್ತದೆಯೇ? ಬಹಳ ಕ್ಯಾಂಪುಗಳು ಸೋಲಾರ್, ಜನರೇಟರ್ ಮೇಲೆ ನಡೆಯುತ್ತವೆ. ನಿದ್ದೆಯಲ್ಲಿ ಉಸಿರಾಟದ ಯಂತ್ರ ಬಳಸುವವರಿಗೆ ಇದು ಪ್ರಾಣದ ಪ್ರಶ್ನೆ. ಇನ್ಸುಲಿನ್ ಇಡಲು ಫ್ರಿಜ್ ಇದೆಯೇ? ರಾತ್ರಿ ಸಹಾಯ ಬೇಕಾದರೆ ಕರೆಯುವುದು ಹೇಗೆ, ಸಿಳ್ಳೆಯೋ ವಾಕಿಟಾಕಿಯೋ? ಬೇಲಿಯಿಲ್ಲದ ಕ್ಯಾಂಪುಗಳಲ್ಲಿ ಕತ್ತಲಾದ ಮೇಲೆ ಕಾವಲುಗಾರನಿಲ್ಲದೆ ಟೆಂಟಿನಿಂದ ಹೊರಗೆ ಕಾಲಿಡುವಂತಿಲ್ಲ. ನೀರಾನೆ, ಕಾಡೆಮ್ಮೆ ಟೆಂಟಿನ ಬಳಿಯೇ ಮೇಯುತ್ತವೆ. ಬೆಳಗಿನ ಜಾವ ವಾಕಿಂಗ್ ಅಭ್ಯಾಸವಿರುವ ಅಪ್ಪಂದಿರಿಗೆ ಇದನ್ನು ಊರಿನಲ್ಲೇ ಹೇಳಿಟ್ಟಿರಿ.

ಹಣವಿದ್ದರೆ ಮಾರಾದ ಸುತ್ತಲಿನ ಖಾಸಗಿ ಸಂರಕ್ಷಿತ ಪ್ರದೇಶಗಳಲ್ಲಿ, ಅಂದರೆ ನಬೊಯ್ಶೊ, ಮಾರಾ ನಾರ್ತ್, ಒಲಾರೆ ಮೊಟೊರೊಗಿಯಂಥ ಕಡೆ ಉಳಿಯಿರಿ. ಗಾಡಿಗಳ ಸಂಖ್ಯೆಗೆ ಮಿತಿಯಿದೆ, ಪ್ರಾಣಿಗಳು ಕ್ಯಾಂಪಿನ ಹತ್ತಿರದಲ್ಲೇ ಸಿಗುತ್ತವೆ. ದಣಿವಾದರೆ ಅರ್ಧ ಗಂಟೆಯಲ್ಲಿ ಹಾಸಿಗೆ ಸೇರಬಹುದು.

8. ಕಾಗದ, ವಿಮೆ, ವಿಮಾನ

2024ರ ಜನವರಿಯಿಂದ ಕೀನ್ಯಾಕ್ಕೆ ಹಳೆಯ ವೀಸಾ ಬದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ, ದುಪ್ಪಟ್ಟು ವಸೂಲಿ ಮಾಡುವ ಮಧ್ಯವರ್ತಿ ತಾಣಗಳು ಬಹಳ. ತಾಂಜಾನಿಯಾಕ್ಕೆ ಬೇರೆಯೇ ವೀಸಾ. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿದ ಪೂರ್ವ ಆಫ್ರಿಕಾ ಪ್ರವಾಸಿ ವೀಸಾದಲ್ಲಿ ತಾಂಜಾನಿಯಾ ಸೇರಿಲ್ಲ.

ವಿಮೆಯ ವಿಷಯದಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ಕೊಳ್ಳಬೇಡಿ. ಬಿಪಿ, ಸಕ್ಕರೆ, ಸ್ಟೆಂಟ್, ಯಾವುದನ್ನೂ ಮುಚ್ಚಿಡದೆ ಬರೆಯಿರಿ. ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣ ಬರುವುದಿಲ್ಲ. ವಯಸ್ಸಾದವರಿಗೆ ಒಳಮಿತಿಗಳಿರುತ್ತವೆ, ಆ ಪುಟವನ್ನು ಓದಿ. ಮುಖ್ಯವಾಗಿ ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿರಬೇಕು. ನೈರೋಬಿಯ ವಿಲ್ಸನ್‌ನಿಂದ ಹಾರುವ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸೇವೆ 1957ರಿಂದ ಈ ಕೆಲಸ ಮಾಡುತ್ತಿದೆ. ಪ್ರವಾಸಿಗರಿಗೆಂದೇ ಅಲ್ಪಾವಧಿ ಸದಸ್ಯತ್ವವಿದೆ. ಕೆಲವು ಕ್ಯಾಂಪುಗಳು ಬಾಡಿಗೆಯಲ್ಲೇ ಸೇರಿಸಿರುತ್ತವೆ, ಕೇಳಿ ನೋಡಿ.

ಬೆಂಗಳೂರಿನಿಂದ ಮುಂಬೈ ಮೇಲೆ, ಅಡಿಸ್ ಅಬಾಬ ಮೇಲೆ, ಅಥವಾ ಕೊಲ್ಲಿ ರಾಷ್ಟ್ರಗಳ ಮೇಲೆ ಹೋಗಬಹುದು. ಮುಂಬೈಯಿಂದ ನೈರೋಬಿಗೆ ನೇರ ವಿಮಾನದಲ್ಲಿ ಸುಮಾರು ಆರು ಗಂಟೆ. ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿ ಕೇಳಿ, ನಡೆಯಬಲ್ಲವರಿಗೂ ಕೇಳಿ. ಮೂರು ಬಗೆಯಿವೆ. ಮೆಟ್ಟಿಲು ಹತ್ತಬಲ್ಲರು ಆದರೆ ದೂರ ನಡೆಯಲಾರರು ಎಂದರೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲೂ ಆಗದು ಎಂದರೆ ಡಬ್ಲ್ಯುಸಿಎಚ್‌ಎಸ್, ಸೀಟಿನವರೆಗೂ ಕರೆದೊಯ್ಯಬೇಕು ಎಂದರೆ ಡಬ್ಲ್ಯುಸಿಎಚ್‌ಸಿ. ಸರಿಯಾದದ್ದನ್ನು ಬರೆಸದಿದ್ದರೆ ವಿಮಾನದ ಮೆಟ್ಟಿಲ ಬುಡದಲ್ಲಿ ಪರದಾಡಬೇಕಾಗುತ್ತದೆ. ಮಕ್ಕಳು ಅಮೆರಿಕದಿಂದಲೋ ಲಂಡನ್ನಿನಿಂದಲೋ ಹೊರಟು ನೈರೋಬಿಯಲ್ಲಿ ಅಪ್ಪ ಅಮ್ಮನನ್ನು ಕೂಡಿಕೊಳ್ಳುವುದಾದರೆ, ಮಕ್ಕಳ ವಿಮಾನ ಅವರಿಗಿಂತ ಒಂದು ದಿನ ಮೊದಲೇ ಇಳಿಯಬೇಕು.

9. ಚೀಲದೊಳಗೆ

ಮೊದಲು ತೆಗೆದಿಡಬೇಕಾದ್ದು ಪ್ಲಾಸ್ಟಿಕ್ ಕವರ್. ನಮ್ಮ ಹಿರಿಯರು ಸೀರೆಗೊಂದು, ಚಪ್ಪಲಿಗೊಂದು, ಚಕ್ಕುಲಿಗೊಂದು ಕವರ್ ಕಟ್ಟುತ್ತಾರೆ. ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಚೀಲ ನಿಷಿದ್ಧ. ಎಲ್ಲವನ್ನೂ ಬಟ್ಟೆ ಚೀಲಕ್ಕೆ ಬದಲಿಸಿ. 2020ರಿಂದ ಕೀನ್ಯಾದ ಸಂರಕ್ಷಿತ ಕಾಡುಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಯೂ ಇಲ್ಲ. ಸ್ಟೀಲ್ ಬಾಟಲಿ ಇರಲಿ.

ಮಾತ್ರೆಗಳು ಬೇಕಾದ್ದಕ್ಕಿಂತ ಒಂದು ವಾರ ಹೆಚ್ಚಿಗೆ, ಎರಡು ಪಾಲು ಮಾಡಿ ಎರಡು ಕೈಚೀಲದಲ್ಲಿ, ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್‌ನಲ್ಲೇ. ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿ ಜೊತೆಗಿರಲಿ. ಟ್ರಮಡಾಲ್‌ನಂಥ ಬಲವಾದ ನೋವಿನ ಮಾತ್ರೆ ಇದ್ದರೆ ಚೀಟಿ ತಪ್ಪಲೇಬಾರದು. ಬೆಳಗಿನ ಗಾಳಿಗೆ ಸ್ವೆಟರ್, ಮಂಕಿ ಕ್ಯಾಪು ಬೇಕಾಗುತ್ತವೆ. ಅಮ್ಮನಿಗೆ ಚೂಡಿದಾರ್ ಒಪ್ಪಿಗೆಯಾದರೆ ಗಾಡಿ ಹತ್ತಿ ಇಳಿಯಲು ಒಳ್ಳೆಯದು. ಸೀರೆಯೇ ಎಂದರೆ ನೆರಿಗೆ ಸ್ವಲ್ಪ ಮೇಲಕ್ಕೆ ಕಟ್ಟಿದ ಕಾಟನ್ ಸೀರೆ, ಬಲವಂತ ಬೇಡ. ಕಡು ನೀಲಿ, ಕಪ್ಪು ಬಟ್ಟೆಗೆ ಕಚ್ಚುವ ತ್ಸೆತ್ಸೆ ನೊಣಗಳು ಮುತ್ತುತ್ತವೆ. ದುರ್ಬೀನು 8 ಪಟ್ಟು ಹಿಗ್ಗಿಸುವುದು ಸಾಕು. 10 ಪಟ್ಟಿನದು ಕೈ ನಡುಗುವವರಿಗೆ ಚಿತ್ರ ನಿಲ್ಲಿಸುವುದಿಲ್ಲ. ಪ್ಲಗ್ ಅಲ್ಲಿ ಬ್ರಿಟಿಷ್ ಮಾದರಿಯ ಚೌಕ ಮೂರು ಪಿನ್, ಅಡಾಪ್ಟರ್ ಬೇಕು.

ಊಟದ ಬಗ್ಗೆ ಹೆದರಬೇಡಿ. ಕೀನ್ಯಾದಲ್ಲಿ ತಲೆಮಾರುಗಳಿಂದ ಭಾರತೀಯರಿದ್ದಾರೆ, ಚಪಾತಿ ಅಲ್ಲಿಯದೇ ತಿಂಡಿಯಾಗಿಬಿಟ್ಟಿದೆ, ಹೆಸರೂ ಚಪಾತಿಯೇ. ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲ ಎಂದರೆ ಕ್ಯಾಂಪಿನವರು ಮಾಡಿಕೊಡುತ್ತಾರೆ, ಮೊದಲೇ ತಿಳಿಸಿರಬೇಕು. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸುಕುಮಾ ವಿಕಿ ಎಂದರೆ ಸೊಪ್ಪಿನ ಪಲ್ಯ. ನೆನಪಿಟ್ಟುಕೊಳ್ಳಬೇಕಾದ ಇನ್ನೊಂದು ಪದ ವಿಂಬಿ. ವಿಂಬಿ ಎಂದರೆ ನಮ್ಮ ರಾಗಿ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. "ಉಜಿ ವಾ ವಿಂಬಿ" ಎಂದು ಕೇಳಿದರೆ ರಾಗಿ ಗಂಜಿ ಸಿಗುತ್ತದೆ. ತಲೆಸುತ್ತಿದ ದಿನ ಮಧ್ಯಾಹ್ನ ಅಮ್ಮ ಬೇರೇನೂ ಬೇಡವೆಂದಾಗ ಅಡುಗೆಯವರು ಅದನ್ನೇ ಮಾಡಿ ತಂದರು. ಒಂದು ಗುಟುಕು ಕುಡಿದು, "ಇದು ನಮ್ಮನೇದೇ ಕಣೇ" ಎಂದು ಅಮ್ಮ ಬಟ್ಟಲನ್ನು ಪೂರ್ತಿ ಬರಿದು ಮಾಡಿದರು.

10. ಅಲ್ಲಿಗೆ ಹೋದ ಮೇಲೆ

ಸೂರ್ಯ ಹುಟ್ಟುವಾಗ ಹೊರಟು ಒಂಬತ್ತರೊಳಗೆ ವಾಪಸ್. ಮಧ್ಯಾಹ್ನ ಕಡ್ಡಾಯ ನಿದ್ದೆ. ಸಂಜೆ ನಾಲ್ಕಕ್ಕೆ ಮನಸ್ಸಿದ್ದರೆ ಹೋಗುವುದು, ಇಲ್ಲದಿದ್ದರೆ ಒಬ್ಬರು ಅವರ ಜೊತೆ ಉಳಿಯುವುದು. ಯಾರು ಯಾವ ದಿನ ಉಳಿಯುವುದೆಂದು ಮೊದಲೇ ಮಾತಾಡಿಕೊಂಡಿದ್ದರೆ "ನನ್ನಿಂದ ನಿಮಗೆ ತಪ್ಪಿತು" ಎಂಬ ನೋವು ಅವರಿಗಿರುವುದಿಲ್ಲ. ಅರ್ಧ ಗಂಟೆಗೊಮ್ಮೆ ಎಲ್ಲರೂ ಒಟ್ಟಿಗೆ ಬಾಟಲಿ ಎತ್ತಿ. ಅವರೊಬ್ಬರಿಗೇ ಕುಡಿ ಕುಡಿ ಎಂದರೆ ಕುಡಿಯುವುದಿಲ್ಲ.

ಗಾಡಿಯನ್ನು ಪ್ರಾಣಿಯಿಂದ ಪ್ರಾಣಿಗೆ ಓಡಿಸಬೇಡಿ. ಒಂದು ನೀರುಗುಂಡಿಯ ಬಳಿ ಎಂಜಿನ್ ಆರಿಸಿ ಮುಕ್ಕಾಲು ಗಂಟೆ ಕೂರಲು ಗೈಡ್‌ಗೆ ಹೇಳಿ. ಬೆನ್ನಿಗೆ ಆರಾಮ, ಕಣ್ಣಿಗೆ ಹಬ್ಬ. ನಮ್ಮ ಮೂರನೇ ಬೆಳಿಗ್ಗೆ ಹಾಗೆ ಕೂತಿದ್ದಾಗಲೇ ಜಿರಾಫೆಯೊಂದು ಬಂದು, ಸುತ್ತ ನೋಡಿ, ಮತ್ತೆ ನೋಡಿ, ಕಾಲಗಲಿಸಿ ಬಗ್ಗಿತು. ಅಮ್ಮ ನನ್ನ ಕೈ ಹಿಡಿದುಕೊಂಡರು, ಮಾತಾಡಲಿಲ್ಲ.

ಸ್ವಾಹಿಲಿ ಮಾತಾಡುವ ಊರುಗಳಲ್ಲಿ ಕಿರಿಯರು ಹಿರಿಯರಿಗೆ "ಶಿಕಾಮೋ" ಎಂದು ನಮಸ್ಕರಿಸುತ್ತಾರೆ, ತಾಂಜಾನಿಯಾದಲ್ಲಿ ಇನ್ನೂ ಹೆಚ್ಚು. ಹಿರಿಯರು "ಮರಹಬಾ" ಎಂದು ಉತ್ತರಿಸಬೇಕು. ನಿಮ್ಮವರಿಗೆ ಈ ಒಂದು ಪದ ಕಲಿಸಿ. ಇಡೀ ಕ್ಯಾಂಪು ಅವರನ್ನು ಮನೆಯ ಹಿರಿಯರಂತೆ ನೋಡಿಕೊಳ್ಳುತ್ತದೆ. "ಪೋಲೆ ಪೋಲೆ", ನಿಧಾನ ನಿಧಾನ, ಎಂಬುದನ್ನು ಗೈಡ್‌ಗೆ ಹೇಳಲು ನೀವೂ ಕಲಿಯಿರಿ.

11. ಮನೆಗೆ ಬಂದ ಮೇಲೆ

ಮಲೇರಿಯಾ ಮಾತ್ರೆಯನ್ನು ಊರು ತಲುಪಿದೊಡನೆ ನಿಲ್ಲಿಸಬಾರದು. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಕಾಡು ಬಿಟ್ಟ ಮೇಲೆ ಇನ್ನೂ 7 ದಿನ, ಡಾಕ್ಸಿಸೈಕ್ಲಿನ್ ಆದರೆ 4 ವಾರ. ಮುಂದಿನ ಮೂರು ತಿಂಗಳು ಅವರಿಗೆ ಜ್ವರ ಬಂದರೆ ವೈರಲ್ ಎಂದು ಮನೆಯಲ್ಲಿ ಮಾತ್ರೆ ಕೊಟ್ಟು ಕಾಯಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಆಫ್ರಿಕಾಕ್ಕೆ ಹೋಗಿ ಬಂದಿದ್ದೇವೆ ಎಂಬುದನ್ನು ವೈದ್ಯರಿಗೆ ಮೊದಲ ವಾಕ್ಯದಲ್ಲೇ ಹೇಳಿ. ಹಳದಿ ಜ್ವರದ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಬಿಡಿ. ನಮ್ಮಮ್ಮ ಅದನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಜೋಪಾನ ಮಾಡಿದ್ದಾರೆ. ಮುಂದಿನ ಸಲ ಅಂಬೋಸೆಲಿಯಂತೆ.